ಎಡಗೈಗೆ ಒಂದು ಬ್ಲೇಡಿನ ಡಬ್ಬಿ

ಬ್ಲೇಡಿನ ಪಾಕೀಟು ಬಿಚ್ಚುವುದಕ್ಕೆ ಎರಡು ಕೈ ಬೇಕು ಅನ್ನುವುದು ನಮ್ಮ ಮನೆಯವರಿಗೆ ಲಕ್ವಾ ಹೊಡೆಯುವ ತನಕ ನನ್ನ ತಲೆಗೆ ಬಂದಿರಲೇ ಇಲ್ಲ. ಬಲಗೈ ಭುಜದಿಂದ ಜೋತುಬಿದ್ದ ಮೇಲೆ ಒಂದೊಂದಾಗಿ ಗೊತ್ತಾಗುತ್ತ ಹೋಯಿತು. ಅಂಗಿಯ ಗುಂಡಿ, ಪೈಜಾಮದ ಲಾಡಿ, ಔಷಧದ ಬಾಟಲಿಯ ಮುಚ್ಚಳ, ಎಲ್ಲಕ್ಕೂ ಎರಡು ಕೈ. ಅವನ್ನೆಲ್ಲ ನಾನು ಮಾಡಿಕೊಡುತ್ತಿದ್ದೆ, ಅವರೂ ಸುಮ್ಮನೆ ಮಾಡಿಸಿಕೊಳ್ಳುತ್ತಿದ್ದರು. ದಾಡಿಯೊಂದರಲ್ಲಿ ಮಾತ್ರ ಹಟ ಹಿಡಿದು ಕೂತರು.

ನಮ್ಮದು ಚಿಕ್ಕೋಡಿ. ಅವರು ಕೋರ್ಟಿನಲ್ಲಿ ಬೇಲಿಫ್ ಆಗಿದ್ದು ನಿವೃತ್ತರಾದವರು. ರಾಯಬಾಗ, ಅಥಣಿ ಅಂತ ವರ್ಗವಾಗಿ ಸುತ್ತಿ ಕೊನೆಗೆ ಇಲ್ಲಿಗೇ ಬಂದರು. ಸಮನ್ಸು, ಜಪ್ತಿಯ ನೋಟೀಸು ಹಿಡಿದುಕೊಂಡು ಊರೂರಿಗೆ ಹೋಗಿ ಮಂದಿಯ ಬಾಗಿಲು ಬಡಿಯುವ ಕೆಲಸ. ಯಾವ ಮನೆಯವರೂ ಬಾ ಅಂತ ಕರೆಯುವುದಿಲ್ಲ. ಅದಕ್ಕೇ ಏನೋ, ದಿನಾ ಬೆಳಿಗ್ಗೆ ನುಣ್ಣಗೆ ದಾಡಿ ಮಾಡಿಕೊಂಡೇ ಹೊರಬೀಳುತ್ತಿದ್ದರು. ಸೋಮವಾರ ಬೇಡ, ಅಮಾವಾಸ್ಯೆ ಬೇಡ ಅಂತ ನಮ್ಮತ್ತೆ ಬಡಕೊಂಡರೂ ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ. "ಒಬ್ಬರ ಮನಿಗಿ ಕೆಟ್ಟ ಸುದ್ದಿ ಒಯ್ಯಾವ್ನ ಮಾರಿನೂ ಹೊಲಸ ಇದ್ರ ಹ್ಯಾಂಗ?" ಅನ್ನುತ್ತಿದ್ದರು.

ನಾನು ಹೊಲಿಗೆಯವಳು. ತವರು ನಿಪ್ಪಾಣಿ. ಮನೆಯ ಮುಂದಿನ ಕೋಣೆಯಲ್ಲಿ ಮಷಿನ್ ಇಟ್ಟುಕೊಂಡು ಜಂಪರ ಹೊಲಿಯುತ್ತೇನೆ, ಓಣಿಯ ಹುಡುಗಿಯರಿಗೆ ಹೊಲಿಗೆ ಕಲಿಸುತ್ತೇನೆ. ನನಗೆ ಮೂಗಿನ ತುದಿಯಲ್ಲೇ ಸಿಟ್ಟು ಅಂತ ಅವರು ಹಿಂದಿನಿಂದ ಆಡಿಕೊಳ್ಳುವುದೂ ಗೊತ್ತು. ಬ್ಲೇಡು ನಮ್ಮ ಮನೆಯಲ್ಲಿ ಇಬ್ಬರಿಗೂ ಬೇಕಾದ ಸಾಮಾನು. ಅವರು ದಾಡಿ ಮಾಡಿ ಬಿಟ್ಟದ್ದು ನನ್ನ ಕೈಗೆ ಬರುತ್ತಿತ್ತು. ತಪ್ಪಿದ ಹೊಲಿಗೆ ಬಿಚ್ಚಲು ಹೊಸ ಬ್ಲೇಡು ಕೆಲಸಕ್ಕೆ ಬರುವುದಿಲ್ಲ, ಬಟ್ಟೆಯನ್ನೂ ಕೊಯ್ದುಬಿಡುತ್ತದೆ. ನಾಲ್ಕಾರು ದಾಡಿ ಮಾಡಿ ತುಸು ಮೆತ್ತಗಾದದ್ದು ದಾರವನ್ನಷ್ಟೇ ಕಡಿಯುತ್ತದೆ.

ನಮ್ಮ ಮೊದಲ ಜಗಳವೂ ಬ್ಲೇಡಿನ ಡಬ್ಬಿಯದೇ. ನಮ್ಮ ಕಡೆ ಲಗ್ನದಲ್ಲಿ ಹೆಣ್ಣಿನ ಮನೆಯವರು ರುಖವತ ಇಡುತ್ತಾರೆ. ಪಾತ್ರೆ, ಕಸೂತಿ, ಉಂಡಿ, ಕರಚೀಕಾಯಿ ಎಲ್ಲವನ್ನೂ ಬಂದ ಮಂದಿಗೆ ಕಾಣುವ ಹಾಗೆ ಸಾಲಾಗಿ ಜೋಡಿಸಿ ಇಡುವುದು. ನಮ್ಮಪ್ಪ ಅದರಲ್ಲಿ ಅಳಿಯನಿಗೆಂದು ಒಂದು ದಾಡಿಯ ಸೆಟ್ಟು ಇಟ್ಟಿದ್ದರು. ಹಿತ್ತಾಳೆಯ ರೇಜರು, ಬ್ರಶ್ಶು, ಅದರ ಜೊತೆಗೆ ಪ್ಲಾಸ್ಟಿಕ್ಕಿನ ಒಂದು ಚಪ್ಪಟೆ ಡಬ್ಬಿ. ಅಲ್ಲಿಯ ತನಕ ನಾನು ನೋಡಿದ ಬ್ಲೇಡುಗಳೆಲ್ಲ ಕಾಗದದಲ್ಲಿ ಸುತ್ತಿದವು. ಒಳಗಿನ ಕಾಗದಕ್ಕೆ ಮೇಣದ ಚುಕ್ಕಿ ಅಂಟಿರುತ್ತಿತ್ತು, ಬ್ಲೇಡು ಅಲ್ಲಾಡಿ ಅಂಚು ಕೆಡಬಾರದು ಅಂತ. ಈ ಡಬ್ಬಿಯಲ್ಲಿ ಕಾಗದವೇ ಇಲ್ಲ. ಮೇಲಿನ ಕಿಂಡಿಯಲ್ಲಿ ಹೆಬ್ಬೆರಳು ಇಟ್ಟು ನೂಕಿದರೆ ಒಂದು ಬ್ಲೇಡು, ಒಂದೇ ಒಂದು, ನಾಲಿಗೆ ಚಾಚಿದ ಹಾಗೆ ಹೊರಗೆ ಬರುತ್ತಿತ್ತು. ಕೆಳಗೆ ಸಣ್ಣ ಸ್ಪ್ರಿಂಗು ಉಳಿದವನ್ನು ಮೇಲಕ್ಕೆ ಒತ್ತಿ ಹಿಡಿದಿರುತ್ತಿತ್ತು. ಬೆನ್ನಿಗೆ ಒಂದು ಸೀಳು. ಮುಗಿದ ಬ್ಲೇಡನ್ನು ಅಲ್ಲಿ ಹಾಕಬೇಕು. ಹಾಕಿದ್ದು ಮತ್ತೆ ಹೊರಗೆ ಬರಬಾರದು, ಯಾರ ಕೈಗೂ ತಾಗಬಾರದು ಎಂದು ಮಾಡಿದ ಉಪಾಯ ಅದು. ಹೊಸ ಸೊಸೆ ನಾನು, ಹಳೇ ಬ್ಲೇಡೆಲ್ಲ ಹೊಟ್ಟೆಗೆ ಹಾಕಿಕೊಂಡು ಕೂತಿದೆಯಲ್ಲ ಅಂತ ಕತ್ತರಿಯ ತುದಿಯಿಂದ ಡಬ್ಬಿಯ ಬೆನ್ನು ಮೀಟಿ ಮುರಿದೆ. ಮಾವನ ಮನೆಯ ಸಾಮಾನು ಮುರಿದಳು ಅಂತ ಅವರು, ನಮ್ಮಪ್ಪನ ಸಾಮಾನು ನಾನು ಮುರಿದರೆ ನಿಮಗೇನು ಅಂತ ನಾನು. ಆಮೇಲೆ ಅಂಥ ಡಬ್ಬಿಗಳು ಚಿಕ್ಕೋಡಿಯ ಅಂಗಡಿಗಳಲ್ಲಿ ಕಾಣೆಯಾದವು, ಮತ್ತೆ ಕಾಗದದ ಪಾಕೀಟೇ ಬಂತು.

ಲಕ್ವಾ ಹೊಡೆದದ್ದು ಹೋದ ಮಳೆಗಾಲದಲ್ಲಿ. ಮಾತು ಬೇಗ ಸರಿಹೋಯಿತು, ಕಾಲು ಕೋಲು ಹಿಡಿದು ನಡೆಯುವಷ್ಟಾಯಿತು. ಬಲಗೈ ಮಾತ್ರ ಬರಲಿಲ್ಲ. ಆಸ್ಪತ್ರೆಯಿಂದ ಮನೆಗೆ ಬಂದವರು ಮತ್ತೆ ಹೊಸ್ತಿಲು ದಾಟಲಿಲ್ಲ. ಗಡ್ಡ ಬೆಳೆಯಿತು. ಅವರನ್ನು ಗಡ್ಡದಲ್ಲಿ ನಾನು ಯಾವತ್ತೂ ನೋಡಿದವಳಲ್ಲ, ನಮ್ಮ ಮಾವ ಸತ್ತಾಗ ಬಿಟ್ಟರೆ. ಹಾಗಾಗಿ ಅವರ ಮುಖ ನೋಡಿದಾಗಲೆಲ್ಲ ಯಾರೋ ಸತ್ತ ಮನೆಯ ಹಾಗೆ ಅನ್ನಿಸುತ್ತಿತ್ತು. ಕೋರ್ಟಿನ ಹಳೇ ಗೆಳೆಯರು ಮಾತಾಡಿಸಲು ಬಂದರೆ ಮಲಗಿದ್ದಾರೆ ಅಂತ ಹೇಳು ಅನ್ನುತ್ತಿದ್ದರು. ಅವರ ಸಂಜೆಯೆಲ್ಲ ಕಳೆಯುತ್ತಿದ್ದದ್ದು ಕೋರ್ಟಿನ ಎದುರಿನ ಚಹಾದಂಗಡಿಯಲ್ಲಿ. ಅಲ್ಲಿಗೆ ಹೋಗಿ ಬರ್ರಿ, ನಾ ಜೊತೆಗೆ ಬರ್ತೀನಿ ಅಂದರೆ, "ಈ ಮಾರಿ ತಗೊಂಡ?" ಅನ್ನುತ್ತಿದ್ದರು.

ಸರಿ, ದಾಡಿ ಮಾಡಿಸಿದರಾಯಿತಲ್ಲ. ಓಣಿಯ ತುದಿಯ ಕಟಿಂಗ್ ಅಂಗಡಿಯವನಿಗೆ ಹೇಳಿಕಳಿಸಿದೆ. ಪಾಪ, ಒಳ್ಳೆಯ ಮನುಷ್ಯ. ಪೆಟ್ಟಿಗೆ ಹಿಡಿದುಕೊಂಡು ಬಂದು, "ಕಾಕಾ, ಇಲ್ಲೇ ಖುರ್ಚಿ ಮ್ಯಾಲ ಕುಂದರ್ರಿ, ಆರಾಮ ಮಾಡಿ ಹೋಗ್ತೀನಿ" ಅಂದ. ನಮ್ಮ ಮನೆಯವರು ಅವನಿಗೆ ಚಹಾ ಕುಡಿಸಿ ಕಳಿಸಿಬಿಟ್ಟರು. ಅವನು ಹೋದ ಮೇಲೆ ನನ್ನ ಕಡೆಗೆ ತಿರುಗಿದರು.

"ನಮ್ಮ ಮನಿಗಿ ಕಟಿಂಗಿನಾವ ಬರೂದು ಎರಡ ಕೆಲಸಕ್ಕ. ಒಂದು ಅರಿಷಿಣಾ ಹಚ್ಚೂ ಮುಂದ, ಇನ್ನೊಂದು ಹೆಣಾ ಎತ್ತೂ ಮುಂದ. ನನಗ ಲಗ್ನಂತೂ ಆಗಿ ಹೋಗೈತಿ."

ಮಾತು ಸುಳ್ಳಲ್ಲ. ಅವರ ಮನೆತನದಲ್ಲಿ ಹಾಗೆಯೇ ನಡೆದುಬಂದಿದೆ. ಮದುಮಗನಿಗೆ ಮನೆಯ ಅಂಗಳದಲ್ಲಿ ಕೂರಿಸಿ ದಾಡಿ ಮಾಡಿಸುತ್ತಾರೆ, ಗಂಡಸು ಸತ್ತರೆ ಮೈ ತೊಳೆಯುವ ಮೊದಲು ಮಾಡಿಸುತ್ತಾರೆ. ನಡುವಿನ ಆಯುಷ್ಯವೆಲ್ಲ ಅವರವರ ಮುಖ ಅವರವರ ಕೈಯಲ್ಲಿ, ಇಲ್ಲವೆ ಅಂಗಡಿಗೆ ನಡೆದು ಹೋಗುವುದು. ಅಂಗಡಿಗಾದರೂ ಹೋಗೋಣ ಅಂದರೆ ಓಣಿ ದಾಟಬೇಕು, ಓಣಿ ದಾಟಲು ಗಡ್ಡ ತೆಗೆಯಬೇಕು. ಇವರ ಜೊತೆ ವಾದ ಮಾಡಿ ಗೆದ್ದವರಿಲ್ಲ.

ಮಗ ಅಥಣಿಯ ಕಡೆ ಸಕ್ಕರೆ ಕಾರಖಾನೆಯಲ್ಲಿ ಕೆಲಸಕ್ಕಿದ್ದಾನೆ. ರಜೆಗೆ ಬಂದವನು ಒಂದು ಟ್ರಿಮ್ಮರ್ ತಂದ. "ಅಪ್ಪಾ, ಇದ್ರಾಗ ಬ್ಲೇಡಿನ ಕಾಟ ಇಲ್ಲ. ಗುಂಡಿ ಒತ್ತಿದ್ರ ಮುಗೀತು." ಗುಂಡಿ ಒತ್ತಿದ. ಅದು ಗುರ್ರ್ ಎಂದಿತು. "ಕುರಿ ಉಣ್ಣೆ ಕತ್ತರಸೂ ಮಷಿನ್ ತಂದೀಯಲ್ಲೋ ತಮ್ಮಾ" ಅಂದರು. ಬಿಸಾಡುವ ಪ್ಲಾಸ್ಟಿಕ್ ರೇಜರೂ ಬಂತು. ಅವರ ಗಡ್ಡ ಒರಟು, ಅದು ಎರಡು ಎಳೆತಕ್ಕೇ ಸೋತಿತು. ಮಗನಿಗೆ ಬೇಜಾರಾಯಿತು, ನನಗೆ ಮೈ ಉರಿಯಿತು.

ಕಡೆಗೆ ನಾನೇ ಒಂದು ಉಪಾಯ ಮಾಡಿದೆ. ಬೆಳಿಗ್ಗೆ ಅವರು ಏಳುವುದರೊಳಗೆ ಹಿತ್ತಾಳೆಯ ರೇಜರಿಗೆ ಹೊಸ ಬ್ಲೇಡು ಹಾಕಿ, ತಿರುಪಿ ಬಿಗಿಮಾಡಿ, ಕನ್ನಡಿಯ ಮುಂದೆ ಇಟ್ಟೆ. ಎಡಗೈಯಿಂದ ಎಳೆದುಕೊಳ್ಳುವುದಷ್ಟೇ ಉಳಿದದ್ದು. ಅವರು ನೋಡಿದರು. ಮುಟ್ಟಲಿಲ್ಲ.

"ಯಾಕ್ರಿ?"

"ಇದು ನೀ ಮಾಡಿದ ದಾಡಿ ಆತು."

"ಎಳಕೊಳ್ಳೂದು ನೀವ ಅಲ್ಲೇನು?"

"ನಾಳಿ ನೀ ನಿಪ್ಪಾಣಿಗಿ ಹೋಗ್ತಿ, ನಾಡದು ನಿನಗ ಜ್ವರಾ ಬರ್ತಾವ. ಅವತ್ತ ನಾ ಬ್ಲೇಡ ಹಾಕ್ಸಾಕ ಮಗ್ಗಲ ಮನಿಗಿ ಹೋಗ್ಲ್ಯಾ?"

ಅವತ್ತು ನನಗೆ ಬಂದ ಸಿಟ್ಟಿಗೆ ಮಷಿನ್ನಿನ ಸೂಜಿ ಮುರಿಯಿತು. ಹುಡುಗಿಯರು ತಲೆ ಎತ್ತದೆ ಗುಂಡಿಯ ಕಾಜು ಹೊಲಿದರು. ಆದರೆ ಹೊಲಿಯುತ್ತ ಹೊಲಿಯುತ್ತ ಒಂದು ತಿಳಿಯಿತು. ಇವರು ಕೇಳುತ್ತಿರುವುದು ದಾಡಿಯಲ್ಲ. ಪಾಕೀಟಿನಿಂದ ಹಿಡಿದು ಮುಖ ತೊಳೆಯುವ ತನಕ ಯಾರ ಕೈಯೂ ನಡುವೆ ಬರದ ಒಂದು ಕೆಲಸ. ಅದೊಂದಿದ್ದರೆ ಇವರು ಎದ್ದು ಹೊರಗೆ ಹೋಗುತ್ತಾರೆ. ಇಲ್ಲದಿದ್ದರೆ ಈ ಕೋಣೆಯಲ್ಲೇ ಗೋಡೆಗೆ ಮುಖ ಮಾಡಿ ಮುಗಿದುಹೋಗುತ್ತಾರೆ. ಆ ಯೋಚನೆ ಬಂದು ನನಗೆ ನಿಜವಾಗಿ ಹೆದರಿಕೆಯಾಯಿತು.

ಹಾಗಾದರೆ ತೊಡಕು ಎಲ್ಲಿದೆ? ರೇಜರು ಬಿಚ್ಚಿ ಕೂತೆ. ಮೂರು ತುಂಡು. ಮೇಲಿನ ಟೊಪ್ಪಿಗೆ, ಅದರ ನಡುವೆ ನಿಂತ ತಿರುಪಿನ ಮೊಳೆ. ಹಲ್ಲಿನ ತಟ್ಟೆ. ಹಿಡಿಕೆ. ಟೊಪ್ಪಿಗೆಯನ್ನು ಅಂಗಾತ ಇಟ್ಟು, ಬ್ಲೇಡಿನ ನಡುವಿನ ಸೀಳು ಮೊಳೆಗೆ ಸಿಗುವ ಹಾಗೆ ಇಳಿಸಿ, ಮೇಲೆ ತಟ್ಟೆ ಇಟ್ಟು, ಹಿಡಿಕೆ ತಿರುಪಬೇಕು. ಒಂದೇ ಕೈಯಿಂದ ತಿರುಪಹೋದರೆ ಟೊಪ್ಪಿಗೆ ತಾನೂ ಸುತ್ತುತ್ತದೆ. ಅದಕ್ಕಿಂತ ಮೊದಲು ಕಾಗದ ಬಿಚ್ಚಬೇಕು, ತೆಳ್ಳನೆಯ ಬ್ಲೇಡನ್ನು ಅಂಚು ಮುಟ್ಟದೆ ಹಿಡಿಯಬೇಕು. ನಾನು ಬಲಗೈಯನ್ನು ಸೀರೆಯ ಸೆರಗಿನಲ್ಲಿ ಕಟ್ಟಿಕೊಂಡು ಎಡಗೈಯಿಂದ ಮಾಡಿ ನೋಡಿದೆ. ಕಣ್ಣು ಮಿಟುಕಿಸುವಷ್ಟರಲ್ಲಿ ಬೆರಳು ಕೊಯ್ದುಕೊಂಡಿತು. ತವರಿನ ಮರಾಠಿಯಲ್ಲಿ ಬ್ಲೇಡಿಗೂ ಪಾತೆ ಅನ್ನುತ್ತಾರೆ, ಕಣ್ಣಿನ ರೆಪ್ಪೆಗೂ ಪಾತೆ ಅನ್ನುತ್ತಾರೆ. ಯಾಕೆ ಅಂತ ಅವತ್ತು ಗೊತ್ತಾಯಿತು.

ನೂಕುವ ಡಬ್ಬಿಯೇ ಬೇಕು ಅಂತ ತೀರ್ಮಾನಿಸಿ ನಿಪ್ಪಾಣಿಗೆ ಹೋದೆ. ಚಿಕ್ಕೋಡಿಯಲ್ಲಿ ಆಗಲೇ ಕೇಳಿಯಾಗಿತ್ತು. ಎಲ್ಲರೂ ತಂತಿಗೆ ಜೋತುಬಿಟ್ಟ ಕಾಗದದ ಪಾಕೀಟು ತೋರಿಸುವವರೇ. ನಿಪ್ಪಾಣಿಯ ಹಳೇ ಪೇಟೆಯಲ್ಲಿ ಕಟಿಂಗ್ ಸಾಮಾನು ಮಾರುವ ಒಂದು ಅಂಗಡಿಯಿದೆ. ಮಾಲಕರಿಗೆ ಮರಾಠಿಯಲ್ಲಿ ಅರ್ಧ, ಕನ್ನಡದಲ್ಲಿ ಅರ್ಧ ವಿವರಿಸಿದೆ. ಹೆಬ್ಬೆರಳು ನೂಕಿ ತೋರಿಸಿದೆ. "ಅಹೋ, ತೋ ಡಬಾ!" ಅಂತ ನಕ್ಕು ಒಳಗಿನಿಂದ ತಂದರು. ಈಗಿನದು ನಮ್ಮಪ್ಪ ಕೊಟ್ಟ ಡಬ್ಬಿಗಿಂತ ಹಗುರ, ಆದರೆ ಹೊಟ್ಟೆಯೊಳಗಿನ ಕೆಲಸ ಅದೇ. ಬಸ್ಸಿನಲ್ಲಿ ಬರುತ್ತ ಅದನ್ನು ಮಡಿಲಲ್ಲಿಟ್ಟುಕೊಂಡು ಎಷ್ಟು ಸಲ ನೂಕಿ ನೋಡಿದೆನೋ. ಪಕ್ಕದ ಸೀಟಿನ ಅಜ್ಜಿ ಎದ್ದು ಬೇರೆ ಕಡೆ ಕೂತರು.

ಡಬ್ಬಿ ಒಂದರಿಂದ ಆಗುವ ಕೆಲಸವಲ್ಲ. ಅದನ್ನು ಒಂದು ಕಡೆ ಕದಲದ ಹಾಗೆ ಕೂರಿಸಬೇಕು, ಟೊಪ್ಪಿಗೆ ಸುತ್ತದ ಹಾಗೆ ಹಿಡಿಯಬೇಕು. ಬಡಿಗರ ಮನೆಯಿಂದ ಒಂದು ಅಂಗೈ ಅಗಲದ ಸಾಗವಾನಿ ತುಂಡು ತಂದೆ. ಟೊಪ್ಪಿಗೆಯ ಅಳತೆಗೆ ಸರಿಯಾಗಿ ಅದರಲ್ಲಿ ಒಂದು ಗುಳಿ ಕೊರೆಸಿದೆ. ಗುಳಿಯ ಪಕ್ಕದಲ್ಲಿ, ಮೊಳೆಗಿಂತ ತುಸು ಎತ್ತರಕ್ಕೆ, ಡಬ್ಬಿಗೆ ಒಂದು ಗೂಡು. ನೂಕಿದ ಬ್ಲೇಡು ಜಾರಿ ಬಂದು ಮೊಳೆಯ ಮೇಲೆ ಬೀಳಬೇಕು. ಅಡ್ಡಾದಿಡ್ಡಿ ಬೀಳಬಾರದೆಂದು ಎರಡೂ ಕಡೆ ತೆಳ್ಳನೆಯ ಪಟ್ಟಿ ಅಂಟಿಸಿದೆ. ಆದರೂ ಅದು ಒಮ್ಮೊಮ್ಮೆ ಮೊಳೆಗೆ ಒರಗಿ ನಿಲ್ಲುತ್ತಿತ್ತು. ಆಗ ನೆಲದ ಮೇಲೆ ಬಿದ್ದ ಸೂಜಿ ಹೆಕ್ಕಲು ಇಟ್ಟುಕೊಂಡ ಹಳೇ ಸ್ಪೀಕರಿನ ಚುಂಬಕ ನೆನಪಾಯಿತು. ಗುಳಿಯ ಕೆಳಗೆ ಅದನ್ನು ಹುದುಗಿಸಿದೆ. ಹಿತ್ತಾಳೆಯನ್ನು ಅದು ಕೇಳುವುದಿಲ್ಲ, ಬ್ಲೇಡನ್ನು ಮಾತ್ರ ಟಪ್ ಎಂದು ಕೆಳಗೆ ಎಳೆದುಕೊಳ್ಳುತ್ತದೆ. ಆ ಟಪ್ ಕೇಳಿ ನಾನು ಒಬ್ಬಳೇ ಚಪ್ಪಾಳೆ ಹೊಡೆದೆ.

ನಮ್ಮ ಮನೆಯವರು ಮಂಚದ ಮೇಲಿಂದ ಎಲ್ಲ ನೋಡುತ್ತಿದ್ದರು. ಮೊದಲು ಓರೆಗಣ್ಣಿನಲ್ಲಿ, ಆಮೇಲೆ ಎದ್ದು ಕೂತು. "ಪಟ್ಟಿ ಸ್ವಲ್ಪ ಒಳಗ ತಗೋ" ಅಂತ ಒಂದು ಮಾತು ಬಂತು. ನಾನು ಕೇಳಿಸದ ಹಾಗೆ ಮಾಡಿ ಒಳಗೆ ತೆಗೆದುಕೊಂಡೆ. ಟೇಬಲ್ಲಿನ ಆ ಕಡೆ ಅವರನ್ನು ಕೂರಿಸಿ ಈ ಕಡೆ ನಾನು ಕೂತೆ. ಅವರ ಎಡಗೈಯ ಅಳತೆ ನೋಡಿದೆ, ಹೆಬ್ಬೆರಳು ಎಲ್ಲಿಗೆ ಎಟಕುತ್ತದೆ, ಅಂಗೈ ಒರಗಲು ಎಷ್ಟು ಜಾಗ ಬೇಕು, ಎಲ್ಲ. ಅವರ ಎಡಗೈಗೆ ಎದುರಾಗಿ ನನ್ನ ಬಲಗೈ ಇಟ್ಟು ನಾಲ್ಕು ಸಲ ನೂಕಿ ಪರೀಕ್ಷೆ ಮಾಡಿದೆ. ಸರಿಯಾಗಿತ್ತು. ಗೂಡು, ಅಂಗೈಯ ಒರಗು ಎಲ್ಲವನ್ನೂ ಸರಸಿನ ಅಂಟು ಹಚ್ಚಿ ಗಟ್ಟಿ ಮಾಡಿ, ಒಣಗಿದ ಮೇಲೆ ದೊಡ್ಡ ಗತ್ತಿನಿಂದ ತುಂಡನ್ನು ತಿರುಗಿಸಿ ಅವರ ಮುಂದೆ ಇಟ್ಟೆ.

ಅವರು ಎಡಗೈ ಚಾಚಿದರು. ಹಿಂದೆ ತೆಗೆದುಕೊಂಡರು. ಆ ಕಡೆಯಿಂದ ಚಾಚಿದರು. ಮೊಣಕೈ ಹೊಟ್ಟೆಗೆ ತಾಗಿತು.

"ಏ, ಇದು ಬಲಗೈದು."

"ಸುಮ್ಮ ಕುಂದರ್ರಿ, ನಾ ನಿಮ್ಮ ಎದುರಿಗೇ ಕುಂತ ಮಾಡೇನಿ" ಅಂದೆ. ಅಂದಮೇಲೆ ನನಗೆ ಬೆಳಕಾಯಿತು. ಆಯುಷ್ಯವಿಡೀ ಎದುರಿಗೆ ನಿಂತು ಮಂದಿಯ ಅಳತೆ ತೆಗೆದ ಅಭ್ಯಾಸ. ನನ್ನ ಬಲಕ್ಕೆ ಕಾಣುವುದು ಅವರ ಎಡ ಅಂತ ಕಣ್ಣಿಗೆ ಪಾಠವಾಗಿದೆ. ತುಂಡನ್ನು ನನ್ನ ಬಲಗೈಗೆ ಒಪ್ಪುವ ಹಾಗೆ ಮಾಡಿ, ಅದನ್ನೇ ತಿರುಗಿಸಿ ಕೊಟ್ಟಿದ್ದೆ. ಹೊಸದಾಗಿ ಕಲಿಯಲು ಬಂದ ಹುಡುಗಿಯರು ಒಂದೇ ಜಂಪರಕ್ಕೆ ಎರಡೂ ಎಡದ ತೋಳು ಕತ್ತರಿಸಿ ತರುತ್ತಾರಲ್ಲ, ನಾನು ಅವರ ತಲೆ ತಿನ್ನುತ್ತೇನಲ್ಲ, ಅದೇ ಕೆಲಸ.

ಅವರು ನನ್ನ ಮುಖ ನೋಡಿದರು. ಬಾಯಿಯ ಒಂದು ಮಗ್ಗಲು ಮೊದಲು ನಕ್ಕಿತು, ಇನ್ನೊಂದು ಅಲ್ಲೇ ಉಳಿಯಿತು. "ಮಾಸ್ತರ್ನಿ ಎರಡೂ ತೋಳು ಒಂದ ಕಡೀಗೆ ಹೊಲದಾಳ್ರೇ!" ಅಂತ ಮುಂದಿನ ಕೋಣೆಯ ಹುಡುಗಿಯರಿಗೆ ಕೇಳುವ ಹಾಗೆ ಕೂಗಿದರು. ಅಲ್ಲಿಂದ ಕಿಸಕ್ ಅಂತ ನಗೆ. ಲಕ್ವಾ ಹೊಡೆದ ಮೇಲೆ ಅವರ ನಗೆ ಕೇಳಿದ್ದು ಅದೇ ಮೊದಲು. ನನಗೆ ನಾಚಿಕೆಯೂ ಆಯಿತು, ಅಳುವೂ ಬಂತು. ಬಾಯಿಗೆ ಬಂದ ಹಾಗೆ ಬೈದು ತುಂಡು ಎತ್ತಿಕೊಂಡು ಹೋದೆ.

ಎರಡನೆಯದನ್ನು ಅವರ ಮಗ್ಗಲಲ್ಲಿ ಕೂತು ಮಾಡಿದೆ, ನನ್ನ ಎಡಗೈಯಿಂದ ನೂಕಿ ನೋಡುತ್ತ. ಮೊದಲು ನಿಜವಾದ ಬ್ಲೇಡು ಕೊಡಲಿಲ್ಲ. ಯಾವ ಒಳ್ಳೆಯ ಬಟ್ಟೆಗೂ ನಾವು ಮೊದಲು ಕಚ್ಚಾ ಹೊಲಿಗೆ ಹಾಕುತ್ತೇವೆ. ಲಗ್ನಪತ್ರಿಕೆಯ ದಪ್ಪ ಕಾಗದದಿಂದ ಬ್ಲೇಡಿನದೇ ಆಕಾರಕ್ಕೆ, ನಡುವಿನ ಸೀಳು ಸಮೇತ, ತುಂಡು ಕತ್ತರಿಸಿ ಅಂಥದೇ ಒಂದು ಖಾಲಿ ಡಬ್ಬಿಗೆ ತುಂಬಿದೆ. ಕಾಗದಕ್ಕೆ ಚುಂಬಕದ ಹಂಗಿಲ್ಲವಾದ್ದರಿಂದ ಬೆರಳ ತುದಿಯಿಂದ ಇಳಿಸಬೇಕಾಗುತ್ತಿತ್ತು. ಅದೂ ಒಳ್ಳೆಯದೇ ಆಯಿತು, ಕೈ ಪಳಗಿತು. ಬೆಳಿಗ್ಗೆ ಚಹಾ ಕುಡಿದು ಕೂತರೆ ನೂಕುವುದು, ತಟ್ಟೆ ಇಡುವುದು, ಹಿಡಿಕೆ ತಿರುಪುವುದು, ಮತ್ತೆ ಬಿಚ್ಚುವುದು. ತಿರುಪು ಸಿಗದೆ ಹಿಡಿಕೆ ಉರುಳಿ ಮಂಚದ ಕೆಳಗೆ ಹೋದರೆ ನಾನು ಎತ್ತಿಕೊಡಬಾರದು. ಕೋಲಿನಿಂದ ತಾವೇ ಎಳೆದುಕೊಳ್ಳಬೇಕು. ನನ್ನ ಕೈ ತುರಿಸುತ್ತಿತ್ತು. ಬೇಕಂತಲೇ ಮಷಿನ್ ಜೋರಾಗಿ ತುಳಿಯುತ್ತಿದ್ದೆ.

ಒಂದು ದಿನ ಮಷಿನ್ನಿನ ಸದ್ದಿನ ನಡುವೆಯೂ ಆ ಟಪ್ ಕೇಳಿತು. ಕಾಗದದ ಡಬ್ಬಿ ತೆಗೆದು ತಾವೇ ಬ್ಲೇಡಿನ ಡಬ್ಬಿ ಕೂರಿಸಿಕೊಂಡಿದ್ದರು. ನನಗೆ ಹೇಳಿರಲಿಲ್ಲ. ನಾನು ತುಳಿಯುವುದು ನಿಲ್ಲಿಸಿದೆ. ಬ್ರಶ್ಶಿನ ಸದ್ದು, ನೀರಿನ ಸದ್ದು, ಆಮೇಲೆ ಒರಟು ಗಡ್ಡದ ಮೇಲೆ ರೇಜರು ಎಳೆಯುವ ಕರಕರ. ಎಷ್ಟು ಹೊತ್ತಾಯಿತೋ. ಹೋಗಿ ನೋಡಬೇಕೆನ್ನುವ ಆಸೆಯನ್ನು ಹಲ್ಲು ಕಚ್ಚಿ ತಡೆದುಕೊಂಡೆ.

"ಇಲ್ಲಿ ಬಾ."

ಹೋದೆ. ಟಾವೆಲ್ಲು ಹೆಗಲ ಮೇಲೆ, ಮುಖ ಒದ್ದೆ. ಗಡ್ಡದೊಳಗಿಂದ ನನ್ನ ಗಂಡನ ಮುಖ ಹೊರಗೆ ಬಂದಿತ್ತು, ಬಡಕಲಾಗಿ, ಬಿಳಿಚಿಕೊಂಡು. ಗದ್ದದ ಹತ್ತಿರ ಒಂದು ಸಣ್ಣ ಗಾಯ. ಛಲೋ ಆಗಿದೆ ಅನ್ನಲು ಬಾಯಿ ತೆರೆದೆ. ಅವರು ಎಡಗೈಯಿಂದ ನನ್ನ ಕೈ ಹಿಡಿದು ತಮ್ಮ ಬಲಗೆನ್ನೆಯ ಮೇಲೆ ಇಟ್ಟುಕೊಂಡರು.

"ಈ ಕಡೆ ನನಗ ಏನೂ ತಿಳಿಯೂದಿಲ್ಲ. ಮುಟ್ಟಿದ್ರೂ ತಿಳಿಯೂದಿಲ್ಲ, ಕೊಯ್ದ್ರೂ ತಿಳಿಯೂದಿಲ್ಲ. ಲಕ್ವಾ ಹೊಡದಾಗಿಂದ ಹಿಂಗ ಐತಿ. ಹೇಳಿದ್ದಿಲ್ಲ ನಿನಗ."

ಇಷ್ಟು ತಿಂಗಳು ಒಳಗೊಳಗೇ ಇವರಿಗಿದ್ದ ಅಂಜಿಕೆ ಇದು. ಕೈಯ ಚಿಂತೆಯನ್ನು ಮುಂದೆ ಇಟ್ಟು ಇದನ್ನು ಹಿಂದೆ ಮುಚ್ಚಿಟ್ಟಿದ್ದರು. ಮನುಷ್ಯನಿಗೆ ತನ್ನ ಅರ್ಧ ಮುಖ ತನ್ನದು ಅಂತ ಅನ್ನಿಸದಿದ್ದರೆ ಹೇಗಿರುತ್ತದೆ?

"ಖರೇ ಹೇಳ. ಸಮಾಧಾನಕ್ಕ ಹೇಳಬ್ಯಾಡ. ಗಡ್ಡಾ ಉಳದೈತೇನ?"

ಕಣ್ಣು ಮುಚ್ಚಿಕೊಂಡು ಕೆನ್ನೆಯ ಮೇಲೆ ಕೈ ಆಡಿಸಿದೆ, ಅಸ್ತರದ ಸುಕ್ಕು ಹುಡುಕುವ ಹಾಗೆ. ಕಿವಿಯ ಕೆಳಗೆ, ದವಡೆಯ ತಿರುವಿನಲ್ಲಿ, ಬೆರಳಿಗೆ ಚುಚ್ಚಿತು.

"ಉಳದೈತಿ. ಇಲ್ಲಿ."

"ಬೆರಳ ತಗೀಬ್ಯಾಡ."

ಬೆರಳು ತೆಗೆಯಲಿಲ್ಲ. ಅವರು ಕನ್ನಡಿ ನೋಡುತ್ತ ರೇಜರನ್ನು ನನ್ನ ಬೆರಳಿನ ಮಗ್ಗಲಿಗೇ ತಂದು ನಿಧಾನವಾಗಿ ಎಳೆದರು. ನಾನು ಬೆರಳು ಸರಿಸಿದ ಕಡೆ ಎಳೆದರು. ಆಮೇಲೆ ಮುಖ ತೊಳೆದು, ಕೋಲು ತೆಗೆದುಕೊಂಡು, ನನ್ನ ಕಡೆಯಿಂದ ಇಸ್ತ್ರಿಯ ಅಂಗಿಯ ಗುಂಡಿ ಹಾಕಿಸಿಕೊಂಡರು. ಎಲ್ಲಿಗೆ ಅಂತ ನಾನು ಕೇಳಲಿಲ್ಲ, ಜೊತೆಗೆ ಬರಲೇ ಅಂತಲೂ ಕೇಳಲಿಲ್ಲ. ಹೊಸ್ತಿಲ ಮೇಲೆ ಒಂದು ಗಳಿಗೆ ನಿಂತರು. ಎಡಗಾಲು ಮೊದಲು ದಾಟಿತು, ಬಲಗಾಲನ್ನು ಎಳೆದುಕೊಂಡರು.

ಓಣಿಗೆ ಇಳಿದು, ಹಿಂದೆ ತಿರುಗದೆಯೇ, ದಿನಾ ಹೇಳುವವರ ಹಾಗೆ ಹೇಳಿದರು: "ಬರೂದು ತಡಾ ಆಕ್ಕೈತಿ. ಊಟಕ್ಕ ಕಾಯಬ್ಯಾಡ."

ನೌಕರಿಯ ಕಾಲದಲ್ಲಿ ಈ ಮಾತು ಕೇಳಿದರೆ ನನಗೆ ಸಿಟ್ಟು ನೆತ್ತಿಗೇರುತ್ತಿತ್ತು. ಬಾಗಿಲಿನ ಚೌಕಟ್ಟು ಹಿಡಿದುಕೊಂಡು, "ಹೂಂನ್ರಿ" ಅಂದೆ.